ಪೈಪಿನ ಬಾಯಲ್ಲಿ ಕೂರುವ ರಬ್ಬರ್ ರಿಂಗಿನ ಬಗ್ಗೆ ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು,
ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ

ಮಾನ್ಯರೇ,

ಅವಳಿ ನಗರದ ನಿರಂತರ ನೀರಿನ ಯೋಜನೆಯ ಮಾತು ಬಂದಾಗಲೆಲ್ಲ ಅಗೆದ ರಸ್ತೆಯದೇ ದೂರು. ರಸ್ತೆ ಇವತ್ತಲ್ಲ ನಾಳೆ ಮುಚ್ಚುತ್ತದೆ. ಅದರಡಿ ಹುಗಿದುಹೋಗುವ, ಮತ್ತೆ ಯಾರ ಕಣ್ಣಿಗೂ ಬೀಳದ ಒಂದು ವಸ್ತುವಿನ ಬಗ್ಗೆ ಈ ಪತ್ರ: ಎರಡು ಪೈಪು ಕೂಡುವಲ್ಲಿ ಕೂರಿಸುವ ರಬ್ಬರ್ ರಿಂಗು. ಡಿ.ಐ. (ಡಕ್ಟೈಲ್ ಐರನ್, ಅಂದರೆ ಬಿರುಸಲ್ಲದ ಎರಕದ ಕಬ್ಬಿಣ) ಪೈಪು 5.5 ಇಲ್ಲವೇ 6 ಮೀಟರ್ ಉದ್ದ ಬರುತ್ತದೆ. ಅಂದರೆ ಕಿಲೋಮೀಟರಿಗೆ ಸುಮಾರು 167ರಿಂದ 182 ರಿಂಗು. ಅಮ್ಮಿನಭಾವಿಯಲ್ಲಿ ಶುದ್ಧವಾದ ಮಲಪ್ರಭೆಯ ನೀರು ಮನೆ ಮುಟ್ಟುವಷ್ಟರಲ್ಲಿ ಇಂಥ ಸಾವಿರಾರು ಕೀಲು ದಾಟಬೇಕು.

ಯಾವ ರಬ್ಬರಿನ ರಿಂಗಾದರೂ ಸಾಮಾನ್ಯವಾಗಿ ಕಪ್ಪಗೇ ಇರುತ್ತದೆ, ತೊಡಕು ಇರುವುದೇ ಅಲ್ಲಿ. ಮರದ ರಬ್ಬರಿನ ಮೂಲ ಘಟಕ ಐಸೊಪ್ರೀನ್: ಐದು ಇಂಗಾಲ, ಎಂಟು ಹೈಡ್ರೋಜನ್, 34 ಡಿಗ್ರಿಗೆ ಕುದಿಯುವ ದ್ರವ. ನಮ್ಮ ಏಪ್ರಿಲ್ ಮಧ್ಯಾಹ್ನದ ಬಿಸಿಲೇ ಅದನ್ನು ಕುದಿಸೀತು. ಪೆಟ್ರೋಲಿಯಂನಿಂದ ತೆಗೆದ ಐಸೊಪ್ರೀನನ್ನು ಕಾರ್ಖಾನೆಯಲ್ಲಿ ಸರಪಳಿಯಾಗಿ ಜೋಡಿಸಿದರೂ ಹೆಚ್ಚುಕಡಿಮೆ ಅದೇ ರಬ್ಬರ್ ಸಿಗುತ್ತದೆ. ಬಿಡಿ ಐಸೊಪ್ರೀನ್‌ನಲ್ಲಿ ಎರಡು ಜೋಡಿಬಂಧಗಳಿವೆ, ಅಂದರೆ ಇಂಗಾಲದ ಪರಮಾಣುಗಳ ನಡುವಿನ ಇಮ್ಮಡಿ ಕೊಂಡಿಗಳು. ಸರಪಳಿ ಕಟ್ಟಿದ ಮೇಲೂ ಪ್ರತಿ ಕೊಂಡಿಯಲ್ಲಿ ಒಂದು ಉಳಿಯುತ್ತದೆ. ಗಂಧಕ ಹಾಕಿ ರಬ್ಬರನ್ನು ಪಕ್ವಗೊಳಿಸಲು ಅದರ ನೆರವು ಬೇಕು, ಆದರೆ ಗಾಳಿಯಲ್ಲಿರುವ ಓಝೋನ್ ಸರಪಳಿ ಕತ್ತರಿಸುವುದೂ ಅಲ್ಲೇ. ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರಿನ ಮುಖ್ಯ ಸರಪಳಿಯಲ್ಲಿ ಜೋಡಿಬಂಧವೇ ಇಲ್ಲ. ಹಾಗಾಗಿ ಬಿಸಿಲು, ಓಝೋನ್ ಅದಕ್ಕೆ ಅಷ್ಟು ತಾಗುವುದಿಲ್ಲ. ಒದ್ದೆ ಮಣ್ಣಿನಲ್ಲಿ ಕೆಲವು ಬ್ಯಾಕ್ಟೀರಿಯಾ ಮರದ ರಬ್ಬರನ್ನು ತಿಂದು ತೆಳ್ಳಗೆ ಮಾಡುತ್ತವೆ, ಇ.ಪಿ.ಡಿ.ಎಂ. ಅವಕ್ಕೆ ರುಚಿಸುವುದಿಲ್ಲ. ನೀರಿನ ಮಾರ್ಗಕ್ಕೆ ಇ.ಪಿ.ಡಿ.ಎಂ. ಎಂದು ಸ್ಪಷ್ಟವಾಗಿ ಬರೆಸಿ. ಬರೀ ‘ರಬ್ಬರ್ ಗ್ಯಾಸ್ಕೆಟ್’ ಎಂದರೆ ಏನು ಬೇಕಾದರೂ ಬರಬಹುದು.

ಬಂದದ್ದು ಅದೇನಾ ಎಂದು ಕಣ್ಣಿನಿಂದ ಹೇಳಲಾಗದು, ಪ್ರಯೋಗಾಲಯಕ್ಕೇ ಕಳಿಸಬೇಕು. ರಿಂಗಿನ ತುಣುಕನ್ನು ಗಾಳಿಯಿಲ್ಲದೆ ಕಾಯಿಸಿ, ಹೊರಬಂದ ಆವಿಯನ್ನು ತಣಿಸಿ ಇನ್ಫ್ರಾರೆಡ್‌ನಲ್ಲಿ ನೋಡುತ್ತಾರೆ. ಐಸೊಪ್ರೀನ್, ಎರಡು ಐಸೊಪ್ರೀನ್ ಕೂಡಿದ ಡೈಪೆಂಟೀನ್ ಕಂಡರೆ ಅದರಲ್ಲಿ ಮರದ ರಬ್ಬರ್ ಇಲ್ಲವೇ ಅದರ ಕೃತಕ ಜೋಡಿ ಸೇರಿದೆ. ಇಂಗ್ಲೆಂಡಿನ ರಸಾಯನ ವಿಜ್ಞಾನಿ ಗ್ರೆವಿಲ್ ವಿಲಿಯಮ್ಸ್ 1860ರಲ್ಲಿ ರಬ್ಬರ್ ಕಾಯಿಸಿಯೇ ಐಸೊಪ್ರೀನ್ ಪಡೆದು ಅದಕ್ಕೆ ಆ ಹೆಸರಿಟ್ಟಿದ್ದು. ಹೊಸ ವಿದ್ಯೆ ಏನಲ್ಲ.

ಎರಡನೇ ಪರೀಕ್ಷೆ ಇನ್ನೂ ಮುಖ್ಯ: ಒತ್ತಿಟ್ಟ ರಬ್ಬರ್ ಎಷ್ಟು ವಾಪಸ್ ಏಳುತ್ತದೆ ಎಂಬುದು. 10 ಮಿ.ಮೀ. ದಪ್ಪದ ತುಣುಕನ್ನು 7.5ಕ್ಕೆ ಒತ್ತಿ, 70 ಡಿಗ್ರಿಯಲ್ಲಿ 24 ಗಂಟೆ ಇಟ್ಟು ಬಿಟ್ಟಾಗ 9.6ಕ್ಕೆ ಎದ್ದರೆ, ಒತ್ತಿದ 2.5ರಲ್ಲಿ 0.4 ಕಳೆದುಹೋಯಿತು, ಅಂದರೆ ಶೇ. 16. ಅಗ್ಗದ ಎಣ್ಣೆ, ಸುಣ್ಣದ ಪುಡಿ ತುಂಬಿದ ರಿಂಗಿನಲ್ಲಿ ಈ ಅಂಕಿ ಏರುತ್ತದೆ. ಅಂಥ ರಿಂಗು ಪೈಪು ಹಾಕಿದ ದಿನದ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾಗುತ್ತದೆ. ಸೋರುವುದು ವರ್ಷಗಳಾದ ಮೇಲೆ, ಅಷ್ಟರಲ್ಲಿ ಗುತ್ತಿಗೆಯ ಹೊಣೆ ಮುಗಿದಿರುತ್ತದೆ. ಇಂಥ ರಿಂಗಿನ ಭಾರತೀಯ ಮಾನಕ ಐ.ಎಸ್. 5382ರ ಪ್ರಕಾರ ಪ್ರತಿ ಬ್ಯಾಚಿನ ವರದಿ ಕೇಳಿ. ವರದಿಯ ಬ್ಯಾಚ್ ಸಂಖ್ಯೆಯೂ ರಿಂಗಿನ ಮೇಲಿನ ಅಚ್ಚೂ ತಾಳೆಯಾಗುತ್ತವೆಯೇ ಎಂದು ನಿಮ್ಮ ಎಂಜಿನಿಯರರೇ ನೋಡಲಿ.

ಒಳ್ಳೆ ರಿಂಗನ್ನೂ ಸೈಟಿನಲ್ಲಿ ಕೆಡಿಸಬಹುದು. ಮೊಳೆಗೆ ನೇತುಹಾಕಿದರೆ ಹಿಗ್ಗಿದ ಕಡೆ ಅಡ್ಡ ಬಿರುಕು ಮೂಡುತ್ತದೆ, ಮರದ ರಬ್ಬರಾಗಿದ್ದರಂತೂ ಬೇಗ. ವೆಲ್ಡಿಂಗ್ ಯಂತ್ರ, ವಿದ್ಯುತ್ ಮೋಟಾರು ಓಝೋನ್ ಹೊಮ್ಮಿಸುತ್ತವೆ, ಅವುಗಳ ಪಕ್ಕ ಇಡಕೂಡದು. 25 ಡಿಗ್ರಿಯೊಳಗಿನ ಕತ್ತಲು ಕೋಣೆ ಇಲ್ಲಿ ಬೇಸಿಗೆಯಲ್ಲಿ ಸಿಗುವುದು ಕಷ್ಟ, ಒಪ್ಪಿದೆವು. ಮುಚ್ಚಿದ ಚೀಲ, ನೆರಳು, ಮೊದಲು ಬಂದದ್ದು ಮೊದಲು ಖರ್ಚು, ಇಷ್ಟಾದರೂ ಆಗಲಿ.

ಜೋಡಿಸುವಾಗ ಗ್ರೀಸು ಇಲ್ಲವೇ ಹಳೇ ಎಂಜಿನ್ ಎಣ್ಣೆ ಸವರುವುದನ್ನು ಪೂರ್ತಿ ನಿಲ್ಲಿಸಿ. ಅದು ಎರಡೂ ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಪೈಪಿನ ಕಂಪನಿ ಕೊಡುವ ಸಾಬೂನಿನ ಪೇಸ್ಟ್ ಸಾಕು, ಅದೂ ರಿಂಗಿನ ಒಳಮೈಗೆ ಮತ್ತು ಪೈಪಿನ ತುದಿಗೆ ಮಾತ್ರ. ಪೈಪಿನ ಬಾಯಲ್ಲಿ ರಿಂಗು ಕೂರುವ ತೋಡಿನೊಳಗೆ ಹಚ್ಚಿದರೆ ರಿಂಗು ಜಾರುತ್ತದೆ. ತೋಡಿನಲ್ಲಿ ಒಂದು ಹರಳು ಉಳಿದರೂ ರಿಂಗು ಅಲ್ಲಿ ಎದ್ದು ನಿಲ್ಲುತ್ತದೆ. ಸೈಟಿನಲ್ಲಿ ಕತ್ತರಿಸಿದ ಪೈಪಿನ ಅಂಚನ್ನು ಓರೆಯಾಗಿ ಉಜ್ಜದೆ ತಳ್ಳಿದರೆ ಅದು ರಿಂಗನ್ನು ಸೀಳುತ್ತದೆ ಅಥವಾ ಒಳಗೆ ಮಡಚುತ್ತದೆ. ಜೋಡಿಸಿದ ಮೇಲೆ ತೆಳು ಲೋಹದ ಪಟ್ಟಿಯನ್ನು ಸಂದಿನಲ್ಲಿ ಸುತ್ತಲೂ ಇಳಿಸಿ ನೋಡಬೇಕು. ಎಲ್ಲ ಕಡೆ ಒಂದೇ ಆಳಕ್ಕೆ ತಾಗಿದರೆ ರಿಂಗು ನೆಟ್ಟಗಿದೆ. ಎರಡು ನಿಮಿಷದ ಕೆಲಸ ಇದು. ಆದರೂ ಸಂಜೆಯ ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದು ಇದೇ.

ಹುಬ್ಬಳ್ಳಿಯ ಎರೆಮಣ್ಣಿಗೆ ಬೇರೆಯೇ ಎಚ್ಚರ ಬೇಕು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣು ಪೈಪನ್ನು ಎತ್ತಿ ಇಳಿಸುತ್ತದೆ. ಕೀಲು ಒಂದೇ ಡಿಗ್ರಿ ತಿರುಗಿದರೂ 5.5 ಮೀಟರ್ ಪೈಪಿನ ಆಚೆ ತುದಿ 9.6 ಸೆಂ.ಮೀ. ಸರಿಯುತ್ತದೆ. ತಿರುವಿನಲ್ಲಿ ಬೆಂಡ್ (ಬಾಗಿದ ಪೈಪಿನ ತುಂಡು) ಉಳಿಸಲು ಹೋಗಿ ಕೀಲನ್ನೇ ಮಿತಿಯವರೆಗೆ ತಿರುಗಿಸಿದ್ದರೆ ಮಣ್ಣಿನ ಚಲನೆಗೆ ಏನೂ ಉಳಿದಿರುವುದಿಲ್ಲ. ಎರೆಮಣ್ಣಿನಲ್ಲಿ ಅನುಮತಿಸಿದ ಕೋನದ ಅರ್ಧಕ್ಕೇ ನಿಲ್ಲಿಸಿ, ಪೈಪಿನಡಿ ಮತ್ತು ಸುತ್ತ ಮರಳು ಇಲ್ಲವೇ ಜರಡಿ ಹಿಡಿದ ಮುರ್ರಂ ಹಾಕಿಸಿ, ಅಗೆದ ಎರೆಯನ್ನೇ ವಾಪಸ್ ತುಂಬಿಸಬೇಡಿ.

ಪೆಟ್ರೋಲ್ ಬಂಕು, ಗ್ಯಾರೇಜು ಸಾಲಾಗಿರುವ ಕಡೆ ಲೆಕ್ಕ ತಿರುಗುಮುರುಗು. ನೆಲಕ್ಕಿಳಿದ ಎಣ್ಣೆ, ಪೆಟ್ರೋಲ್ ಇ.ಪಿ.ಡಿ.ಎಂ. ಅನ್ನೂ ಉಬ್ಬಿಸುತ್ತದೆ, ರಬ್ಬರಿನ ಮೂಲಕವೇ ಹಾದು ನೀರಿಗೂ ಸೇರಬಹುದು. ಅಷ್ಟು ದೂರಕ್ಕೆ ಎಣ್ಣೆ ತಾಳುವ ನೈಟ್ರೈಲ್ ರಬ್ಬರಿನ ರಿಂಗು ಬೇಕು. ನಕ್ಷೆಯಲ್ಲಿ ಬಂಕುಗಳನ್ನು ಗುರುತಿಸಿದರೆ ಎಷ್ಟು ರಿಂಗು ಬೇಕೆಂಬುದು ಒಂದೇ ದಿನದಲ್ಲಿ ತಿಳಿಯುತ್ತದೆ.

ಕೊನೆಗೆ ಒಂದು ಕೋರಿಕೆ. ಒತ್ತಡ ಪರೀಕ್ಷೆ ಮುಗಿಯುವ ತನಕ ಕೀಲುಗಳ ಮೇಲೆ ಮಣ್ಣು ಬೀಳದಿರಲಿ. ಪ್ರತಿ ಕೀಲಿನ ಫೋಟೋ, ರಿಂಗಿನ ಬ್ಯಾಚ್ ಸಂಖ್ಯೆ, ಹಾಕಿದ ದಿನಾಂಕ ವಾರ್ಡುವಾರು ದಾಖಲಾಗಿ ಪಾಲಿಕೆಯ ಜಾಲತಾಣದಲ್ಲಿ ಸಿಗಲಿ. ಬಿಲ್ ಪಾವತಿಗೆ ಆ ದಾಖಲೆಯನ್ನೇ ಷರತ್ತು ಮಾಡಿ.

ಇಂತಿ,
ರಬ್ಬರ್ ಮತ್ತು ಪೈಪಿನ ಕೆಲಸ ಬಲ್ಲ ಅವಳಿ ನಗರದ ನಾಗರಿಕರು