ಬೆಸಿಲಿಕಾದ ಪಕ್ಕದ ಗೋಡೆಯನ್ನೂ ನೋಡಿ

ಮಾನ್ಯರೆ,

ಚೋರ್ಲಾ ಘಾಟಿ ಇಳಿದು ಕಾರಿನಲ್ಲಿ ಬರುವ ನಮ್ಮವರು ಹಳೆ ಗೋವಾದ ಬಾಮ್ ಜೀಸಸ್ ಬೆಸಿಲಿಕಾ ಚರ್ಚಿನೆದುರು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಐದು ನಿಮಿಷ ಪಕ್ಕದ ಗೋಡೆಯನ್ನೂ ನೋಡಿ. 1605ರ ಈ ಕಟ್ಟಡದ ಚಿರೇಕಲ್ಲಿಗೆ (ಕೆಂಪು ಜಂಬಿಟ್ಟಿಗೆ ಕಲ್ಲಿಗೆ) ಸುಣ್ಣದ ಗಾರೆಯ ಹೊದಿಕೆಯಿತ್ತು. ಹಳೆಯದಾಗಿ ಕಾಣಲೆಂದು 1950ರ ದಶಕದಲ್ಲಿ ಅದನ್ನು ಕೆತ್ತಿ ತೆಗೆದರು (ಎಂಥ ಅಂದ!). ಅಂದಿನಿಂದ ಮಳೆನೀರು ಕಲ್ಲಿನ ತೂತುಗಳಿಗೆ ನೇರ ಇಳಿಯುತ್ತಿದೆ. ರಸ್ತೆಯಾಚೆಯ ಸೆ ಕ್ಯಾಥೆಡ್ರಲ್‌ಗೆ ಬಿಳಿ ಗಾರೆ ಇನ್ನೂ ಇದೆ, ಹೋಲಿಸಿ ನೋಡಿ.

ಊರಿನ ಹಳೇ ಚಿರೇಕಲ್ಲಿನ ಮನೆಯ ಸಂದಿಗೆ ಸಿಮೆಂಟು ಮೆತ್ತುವವರೂ ಕೇಳಿ: ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಸಿಮೆಂಟು ಉಳಿದು ಕಲ್ಲೇ ಪುಡಿಪುಡಿಯಾಗಿ ಉದುರುತ್ತದೆ. ಒಂದು ಪಾಲು ಸುಣ್ಣ, ಮೂರು ಪಾಲು ಮರಳು ಸಾಕು. ಮಳೆಗಾಲಕ್ಕೆ ಮೊದಲೇ ಒಣಗಬೇಕು, ಅಷ್ಟೆ.

– ಕನ್ನಡಿಗ ಓದುಗರು, ಪಣಜಿ