ಮಗುವಿಗೆ ದೇವರನ್ನು ಯಾರೂ ತೋರಿಸುವುದಿಲ್ಲ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಮಂಗಳೂರಿನ ಬಲ್ಮಠದ ನಿಮ್ಮ ಮನೆ ಜಗಲಿಯಲ್ಲಿ ನಾವು ಜಗಳ ಆಡಿದ್ದು ನೆನಪುಂಟಾ? ನಿನ್ನ ಅಜ್ಜನ ಕಾಲದ ಕಿಟೆಲ್ ನಿಘಂಟು ನಿನ್ನ ಮಡಿಲಲ್ಲಿತ್ತು. "ಮಿಷನರಿಗಳು ಬರದಿದ್ದರೆ ಇದು ಎಲ್ಲಿರುತ್ತಿತ್ತು?" ಅಂತ ನೀನು. "ಅವರು ಬಂದದ್ದು ನಿಘಂಟು ಬರೆಯಲಿಕ್ಕಾ, ಮತಾಂತರ ಮಾಡಲಿಕ್ಕಾ?" ಅಂತ ನಾನು. ಚಾ ತಣ್ಣಗಾಯ್ತು ಅಂತ ನಿನ್ನ ಅಮ್ಮ ಬೈದ ಮೇಲೆ ಜಗಳ ನಿಂತಿತು. ಮುಗಿದಿರಲಿಲ್ಲ.

ಅದರ ಮುಂದಿನ ಭಾಗ ನನಗೆ ಘಾನಾದ ಒಂದು ಗುಡ್ಡದ ಮೇಲೆ ಸಿಕ್ಕಿತು ಮಾರಾಯ. ಫೋನಲ್ಲಿ ಹೇಳಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ಅಕ್ರೊಪಾಂಗ್‌ಗೆ ಹೋಗಿದ್ದೆ. ಅಕ್ರಾದಿಂದ ಉತ್ತರಕ್ಕೆ ಸುಮಾರು ಐವತ್ತು ಕಿಲೋಮೀಟರ್, ಅಕುವಾಪೆಮ್ ಗುಡ್ಡಸಾಲಿನ ಮೇಲಿರುವ ಊರು. ಕೆಳಗೆ ಬೆವರು ಸುರಿಯುತ್ತಿತ್ತು. ಅಬುರಿ ದಾಟುವಷ್ಟರಲ್ಲಿ ಕಿಟಕಿಯಿಂದ ತಣ್ಣನೆ ಗಾಳಿ. ಕೆಂಪು ಮಣ್ಣು, ಬಾಳೆ, ತೆಂಗು, ರಸ್ತೆ ಬದಿಯಲ್ಲಿ ಎಲೆಯಲ್ಲಿ ಸುತ್ತಿದ ಕೆಂಕೆ ಮಾರುವ ಹೆಂಗಸರು. ಕೆಂಕೆ ಅಂದರೆ ಮೆಕ್ಕೆಜೋಳದ ಹಿಟ್ಟನ್ನು ಹುಳಿ ಬರಿಸಿ, ಸುತ್ತಿ, ಬೇಯಿಸಿದ್ದು. ನೋಡಲಿಕ್ಕೆ ಎಲೆಯಲ್ಲಿ ಬೇಯಿಸುವ ನಮ್ಮ ಮೂಡೆ ಇಡ್ಲಿಯ ದೂರದ ನೆಂಟ. ತಿಂದರೆ ಮಾತ್ರ ಹುಳಿ ಜಾಸ್ತಿ, ನಿನಗೆ ಹಿಡಿಸಲಿಕ್ಕಿಲ್ಲ.

ನಾನು ಚರ್ಚಿನ ಒಳಗೆ ಹೋದದ್ದು ಸುಮ್ನೆ ನೋಡಲಿಕ್ಕೆ. ನಿವೃತ್ತ ಮೇಷ್ಟ್ರೊಬ್ಬರು ಪಕ್ಕದಲ್ಲಿ ಜಾಗ ಕೊಟ್ಟರು. ಪ್ರಾರ್ಥನೆ ಪೂರ್ತಿ ಅಲ್ಲಿನವರ ಟ್ವಿ ಭಾಷೆಯಲ್ಲಿ. ಆಮೇಲೆ ಕಾಣಿಕೆ ಹಾಕುವ ಹೊತ್ತು ಬಂತು ನೋಡು! ಇಲ್ಲಿ ಎಲ್ಲರಿಗೂ ಹುಟ್ಟಿದ ವಾರದ ಹೆಸರೊಂದು ಇರುತ್ತದೆ. ಶುಕ್ರವಾರದ ಗಂಡಸು ಕೋಫಿ, ಶನಿವಾರದ ಹೆಂಗಸು ಅಮಾ, ಹೀಗೆ. ವಾರದ ಪ್ರಕಾರ ಕರೆಯುತ್ತಾರೆ. ಆ ವಾರದವರೆಲ್ಲ ಬಿಳಿ ಕರವಸ್ತ್ರ ಬೀಸುತ್ತಾ, ಕುಣಿಯುತ್ತಾ ಪೆಟ್ಟಿಗೆ ಕಡೆಗೆ ಹೋಗುತ್ತಾರೆ. ಕೊನೆಗೆ ಯಾವ ವಾರದವರ ದುಡ್ಡು ಜಾಸ್ತಿ ಅಂತ ಲೆಕ್ಕ ಹೇಳುತ್ತಾರೆ. ಗೆದ್ದವರ ಕೇಕೆ ಕೇಳಬೇಕಿತ್ತು. ಮೇಷ್ಟ್ರು ನನ್ನ ವಾರ ಕೇಳಿದರು. ಗುರುವಾರ ಎಂದೆ. "ಹಾಗಾದರೆ ನೀನು ಯಾವ್, ಏಳು!" ಎಂದು ಎಬ್ಬಿಸಿಯೇ ಬಿಟ್ಟರು. ನಿಮ್ಮ ಚರ್ಚಿನ ಕ್ರಿಸ್ಮಸ್ ಆರಾಧನೆಯಲ್ಲೂ ಕೊನೇ ಬೆಂಚು ಬಿಡದ ನಾನು ಅಲ್ಲಿ ಕುಣಿದೆ. ನಗಬೇಡ.

ಹೊರಗೆ ಬಂದಾಗ ಮೇಷ್ಟ್ರು ಹೇಳಿದರು, ಅವರ ಮಾತಿನಲ್ಲಿ ದೇವರಿಗೂ ವಾರದ ಹೆಸರು ಉಂಟಂತೆ. ದೇವರು ಓನ್ಯಾಂಕೊಪೊನ್, ಅವನ ವಾರ ಶನಿವಾರ, ಹಾಗಾಗಿ ಕ್ವಾಮೆ. ಇದು ಬೈಬಲ್ ಬರುವ ಮೊದಲಿನ ಮಾತು. ಮಿಷನರಿಗಳು ದೇವರಿಗೆ ಬೇರೆ ಹೆಸರು ತರಲಿಲ್ಲ, ಇಲ್ಲಿದ್ದದ್ದನ್ನೇ ತೆಗೆದುಕೊಂಡರು. ನಮ್ಮೂರಲ್ಲಿ ಶನಿವಾರ ಹುಟ್ಟಿದ ಎಂದರೆ ಮೊದಲು ಜಾತಕ ತೋರಿಸಿ ಎನ್ನುತ್ತಾರೆ ಅಂತ ನಾನು ಹೇಳಿದೆ. ಮೇಷ್ಟ್ರು ಬಿದ್ದು ಬಿದ್ದು ನಕ್ಕರು.

ಇಷ್ಟಕ್ಕೂ ನಾನು ಆ ಊರಿಗೇ ಹೋದದ್ದು ಯಾಕೆ ಗೊತ್ತಾ? ಅಲ್ಲಿ ಕೆಲಸ ಮಾಡಿದವರು ಸ್ವಿಟ್ಜರ್ಲೆಂಡಿನ ನಿನ್ನ ಬಾಸೆಲ್ ಮಿಷನ್‌ನವರೇ. ಮಂಗಳೂರಿಗೆ ಅವರು ಬಂದದ್ದು 1834ರಲ್ಲಿ. ಇಲ್ಲಿನ ಕರಾವಳಿಗೆ ಅದಕ್ಕೂ ಮೊದಲೇ, 1828ರ ಡಿಸೆಂಬರಿನಲ್ಲಿ, ನಾಲ್ಕು ಹುಡುಗರು ಇಳಿದಿದ್ದರು. ವರ್ಷ ತುಂಬುವ ಮೊದಲೇ ಮೂವರು ಸತ್ತರು. 1831ರಲ್ಲಿ ನಾಲ್ಕನೆಯವನೂ ಹೋದ. 1832ರಲ್ಲಿ ಮತ್ತೆ ಮೂವರು ಬಂದರು, ಅವರಲ್ಲೂ ಇಬ್ಬರು ಕೆಲವೇ ತಿಂಗಳಲ್ಲಿ ತೀರಿಕೊಂಡರು. ಉಳಿದವನು ಆಂಡ್ರಿಯಾಸ್ ರೀಸ್ ಒಬ್ಬನೇ. ಅವನನ್ನು ಉಳಿಸಿದ್ದೂ ಯುರೋಪಿನ ಮದ್ದಲ್ಲ, ಇಲ್ಲಿನ ನಾಟಿ ವೈದ್ಯ.

ಈ ರೀಸ್ 1835ರಲ್ಲಿ ಗುಡ್ಡ ಹತ್ತಿ ಅಕ್ರೊಪಾಂಗ್‌ಗೆ ಬಂದ. ಮನೆ ಕಟ್ಟಿದ. ಊರವರು ಅವನನ್ನು ಒಸಿಯಾಡನ್, ಅಂದರೆ ಮನೆ ಕಟ್ಟುವವ, ಎಂದು ಕರೆದರು. ಧರ್ಮ ಹೇಳಲು ಬಂದವನಿಗೆ ಸಿಕ್ಕಿದ್ದು ಮೇಸ್ತ್ರಿ ಎಂಬ ಹೆಸರು! 1840ರಲ್ಲಿ ಅವನು ವಾಪಸ್ ಹೊರಟಾಗ ಒಬ್ಬನೇ ಒಬ್ಬ ಕ್ರೈಸ್ತನಾಗಿರಲಿಲ್ಲ. ಹೊರಡುವಾಗ ರಾಜ ಅಡ್ಡೊ ಡಂಕ್ವಾ ಅವನಿಗೊಂದು ಮಾತು ಹೇಳಿದನಂತೆ. ದೇವರು ಪುಸ್ತಕವನ್ನು ಬಿಳಿಯರಿಗೆ ಕೊಟ್ಟ, ನಮಗೆ ನಮ್ಮ ಪೂಜೆ ಕೊಟ್ಟ. ಆ ಪುಸ್ತಕ ಓದುವ ಕರಿಯರನ್ನು ತೋರಿಸು, ಆಗ ನೋಡೋಣ. ಮೇಷ್ಟ್ರು ಇದನ್ನು ಹೇಳುವಾಗ ರಾಜನ ಹಾಗೆ ಎದೆ ಸೆಟೆಸಿ ಹೇಳಿದರು. ನನಗಂತೂ ಇದು ಬೇಡ ಎಂದು ಹೇಳಿದ ಹಾಗೆ ಕೇಳಿಸಲಿಲ್ಲ. ಬುದ್ಧಿವಂತ ವ್ಯಾಪಾರಿ ಮಾಲು ನೋಡದೆ ದುಡ್ಡು ಕೊಡುವುದಿಲ್ಲ, ಅಷ್ಟೆ.

ರೀಸ್ ಆ ಮಾತನ್ನು ಅಕ್ಷರಶಃ ಹಿಡಿದ. ಜಮೈಕಾಕ್ಕೆ ಹೋದ. ಅಲ್ಲಿ ಗುಲಾಮಗಿರಿ ಹೋಗಿ ಇನ್ನೂ ಹೆಚ್ಚು ವರ್ಷ ಆಗಿರಲಿಲ್ಲ. ಮೊರೇವಿಯನ್ ಎಂಬ ಕ್ರೈಸ್ತ ಸಭೆಯ ಕರಿಯ ಕುಟುಂಬಗಳನ್ನು ಒಪ್ಪಿಸಿದ. ಮನೆ ಕೊಡುತ್ತೇವೆ, ಜಾಗ ಕೊಡುತ್ತೇವೆ, ಐದು ವರ್ಷ ಕಳೆದು ಬೇಡ ಅನಿಸಿದರೆ ವಾಪಸ್ ಕಳಿಸುತ್ತೇವೆ ಎಂಬ ಕರಾರು. 1843ರ ಏಪ್ರಿಲ್‌ನಲ್ಲಿ ಮಕ್ಕಳುಮರಿ ಸೇರಿ 24 ಜನ ಇಲ್ಲಿ ಬಂದಿಳಿದರು. ಯೋಚನೆ ಮಾಡು. ಅಜ್ಜ ಮುತ್ತಜ್ಜಂದಿರನ್ನು ಸರಪಳಿ ಹಾಕಿ ಒಯ್ದ ಸಮುದ್ರದ ಮೇಲೆ ಮೊಮ್ಮಕ್ಕಳು ಟ್ರಂಕು ಹಿಡಿದು ಮರಳಿ ಬಂದರು. ಬಂದ ಊರಿನಲ್ಲೂ ಗುಲಾಮರಿದ್ದರು. ಅವರಿಗೆ ಹೇಗಾಗಿರಬೇಕು? ಎಲ್ಲರೂ ಸುಖವಾಗೇನೂ ಇರಲಿಲ್ಲ. ಜಗಳಗಳಾದವು, ಕೆಲವರು ಹಿಂದೆ ಹೋದರು. ಉಳಿದವರು ಬೇರು ಬಿಟ್ಟರು. ಊರವರಿಗೆ ಪುಸ್ತಕ ಓದುವ ಕರಿಯರು ಕಣ್ಣೆದುರೇ ಕಂಡರು. ಶಾಲೆ ನಡೆಯಿತು. 1848ರಲ್ಲಿ ಐದು ಜನ ವಿದ್ಯಾರ್ಥಿಗಳಿಂದ ಶುರುವಾದ ಸೆಮಿನರಿ ಇವತ್ತಿಗೂ ಶಿಕ್ಷಕರ ಕಾಲೇಜಾಗಿ ಉಂಟು.

ಅವರು ಜೊತೆಗೆ ಮಾವಿನ ಗಿಡವನ್ನೂ ತಂದಿದ್ದರಂತೆ. ಮೇಷ್ಟ್ರು ನನ್ನನ್ನು ಒಂದು ಹಳೇ ಮಾವಿನ ಮರದ ಬುಡದಲ್ಲಿ ನಿಲ್ಲಿಸಿ, "ಇದು ಜಮೈಕಾದ್ದು" ಎಂದು ಹೆಮ್ಮೆಯಿಂದ ಹೇಳಿದರು. ನಾನು ತೊಗಟೆ ಮುಟ್ಟಿದೆ. ಒರಟು, ಇರುವೆ ಸಾಲು, ಅಂಟು ಒಸರಿ ಕಪ್ಪಾದ ಒಂದು ಗಾಯ. ನಮ್ಮ ಬಾವಿಕಟ್ಟೆ ಪಕ್ಕದ ಮರವೇ. ಜಮೈಕಾಕ್ಕೆ ಮಾವು ಹೋದದ್ದು 1782ರಲ್ಲಿ, ಇಂಗ್ಲಿಷರು ಹಿಡಿದ ಒಂದು ಫ್ರೆಂಚ್ ಹಡಗಿನಲ್ಲಿ. ಆ ಹಡಗು ಮಾರಿಷಸ್ ಕಡೆಯಿಂದ ಬರುತ್ತಿತ್ತು. ಅದಕ್ಕೂ ಹಿಂದೆ? ನಮ್ಮ ಕಡೆಯದೇ ತಾನೇ. ಹಾಗಂತ ಹೇಳಿದೆ. ಅವರು ನನ್ನ ಮುಖ, ಮರ, ನನ್ನ ಮುಖ ನೋಡಿ, "ಹಾಗಾದರೆ ಬಾಡಿಗೆ ಕೇಳಲು ಬಂದೆಯಾ?" ಎಂದರು.

ಈಗ ನಿನ್ನ ನಿಘಂಟಿನ ವಿಷಯಕ್ಕೆ ಬರುತ್ತೇನೆ. 1853ರಲ್ಲಿ ಕಿಟೆಲ್ ಭಾರತಕ್ಕೆ ಬಂದರು ಅಲ್ವಾ? ಅದೇ ವರ್ಷ ಅದೇ ಬಾಸೆಲ್ ಶಾಲೆಯಲ್ಲಿ ಓದಿದ ಇನ್ನೊಬ್ಬ ಇಲ್ಲಿಗೆ ಬಂದ. ಕ್ರಿಸ್ಟಾಲರ್ ಎಂದು ಹೆಸರು. ಕಿಟೆಲ್ ಅಲ್ಲಿ ಸೇರುವಾಗ ಈತ ಅಲ್ಲೇ ಇದ್ದ. ಇಬ್ಬರೂ ಒಂದೇ ಊಟದ ಮೇಜಿನಲ್ಲಿ ಬ್ರೆಡ್ಡು ಹಂಚಿಕೊಂಡಿರಬಹುದು. ಒಬ್ಬ ನಮ್ಮ ಕಡೆ ಬಂದು ಪಂಡಿತರ ಜೊತೆ ಕೂತ, ಇನ್ನೊಬ್ಬ ಈ ಗುಡ್ಡದ ಮೇಲೆ ಮುದುಕರ ಜೊತೆ ಕೂತ. 1871ಕ್ಕೆ ಟ್ವಿ ಬೈಬಲ್ ಬಂತು. 1881ಕ್ಕೆ ನಿಘಂಟು. ನಮ್ಮದು ಬಂದದ್ದು 1894ಕ್ಕೆ. ಇವರು ನಮಗಿಂತ ಮುಂದೆ! ಅವನೂ ಒಬ್ಬನೇ ಮಾಡಿದ್ದಲ್ಲ. ಇಲ್ಲಿಂದಲೇ ಬಾಸೆಲ್‌ಗೆ ಹೋಗಿ ಓದಿ ಬಂದ ಡೇವಿಡ್ ಅಸಾಂಟೆಯಂಥವರು ಜೊತೆಗಿದ್ದರು. ಆದರೂ ಮುಖಪುಟದಲ್ಲಿ ಯಾರ ಹೆಸರು ಅಂತ ನಾನು ಹೇಳಬೇಕಾಗಿಲ್ಲ.

ಈ ಮನುಷ್ಯ ಗಾದೆಗಳ ಹುಚ್ಚ. 1879ರಲ್ಲಿ 3,600 ಟ್ವಿ ಗಾದೆಗಳನ್ನು ಅಚ್ಚು ಹಾಕಿಸಿದ. ಅದರಲ್ಲಿ ಒಂದನ್ನು ಮೇಷ್ಟ್ರು ನನಗೆ ಮೂರು ಸಲ ಹೇಳಿಸಿದರು: "ಒಬಿ ನ್ಚೆರೆ ಅಬೊಫ್ರಾ ನ್ಯಾಮೆ." ಮಗುವಿಗೆ ದೇವರನ್ನು ಯಾರೂ ತೋರಿಸುವುದಿಲ್ಲ. ಆಕಾಶ ತಲೆ ಮೇಲೇ ಉಂಟು, ಬೆರಳು ಮಾಡಿ ತೋರಿಸಬೇಕಾ ಎಂಬ ಅರ್ಥ. ದೇವರನ್ನು ತೋರಿಸಲೆಂದೇ ಸಾವಿರಾರು ಮೈಲು ಬಂದವನು, ಬೇಡ ಮಾರಾಯ ನಮಗೆ ಗೊತ್ತುಂಟು ಎನ್ನುವ ಮಾತನ್ನು ಬರೆದುಕೊಂಡು ಅಚ್ಚು ಹಾಕಿಸಿದ. ನನಗೆ ಅವನ ಮೇಲೆ ಪ್ರೀತಿ ಬಂದದ್ದು ಇಲ್ಲಿ. ನೀನು ಗೆದ್ದೆ ಎಂದುಕೊಳ್ಳಬೇಡ, ಇನ್ನೂ ಉಂಟು.

ಚರ್ಚಿನ ಸುತ್ತ ಒಂದು ಕೇರಿ. ಅದಕ್ಕೆ ಸೇಲಂ ಎಂದು ಹೆಸರು. ನಮ್ಮ ತಮಿಳುನಾಡಿನ ಸೇಲಂ ಅಲ್ಲ, ಬೈಬಲ್‌ನದು. ಕ್ರೈಸ್ತರಾದವರು ತರವಾಡು ಮನೆ, ಅಂದರೆ ಕುಟುಂಬದ ಮೂಲಮನೆ, ಬಿಟ್ಟು ಇಲ್ಲಿ ಬಂದು ಇರಬೇಕಿತ್ತು. ಕುಡಿತ ಇಲ್ಲ, ಎರಡನೇ ಹೆಂಡತಿ ಇಲ್ಲ, ಹಿರಿಯರಿಗೆ ನೆಲದ ಮೇಲೆ ಹೆಂಡ ಎರೆಯುವಂತಿಲ್ಲ. ಇಲ್ಲಿಯ ಅಕಾನ್ ಜನರಲ್ಲಿ ಆಸ್ತಿ ಮಾವನಿಂದ ಸೋದರಳಿಯನಿಗೆ. ಹೌದು, ನಮ್ಮ ಅಳಿಯಕಟ್ಟೇ! ಮಿಷನ್ ಹೆಂಡತಿ ಮಕ್ಕಳಿಗೂ ಪಾಲು ಎಂದಿತು. ವಿಧವೆಗೆ ಅದು ವರ. ಕಾಯುತ್ತಾ ಕೂತ ಅಳಿಯನಿಗೆ? ತುಳುನಾಡಿನಲ್ಲಿ ಬಿಲ್ಲವರು ಕ್ರೈಸ್ತರಾದಾಗ ಕುಟುಂಬದ ಪಾಲೂ ಹೋಯಿತು, ಕಳ್ಳು ಇಳಿಸುವ ಮೂರ್ತೆಗಾರಿಕೆಯೂ ಹೋಯಿತು, ಅವರಿಗೆ ಅನ್ನ ಹುಟ್ಟಲೆಂದೇ ನೇಯ್ಗೆ, ಹೆಂಚಿನ ಕಾರ್ಖಾನೆ ಬಂತು ಎಂದು ನೀನೇ ಹೇಳಿದ್ದೆ. ಅದೇ ಕತೆ ಇಲ್ಲಿ ಬೇರೆ ಅಂಗಿ ಹಾಕಿಕೊಂಡಿದೆ.

ಮೇಷ್ಟ್ರ ಅಜ್ಜಿ ಸೇಲಂನವರು. ಅಜ್ಜಿಯ ಅಣ್ಣ ಅರಮನೆಯಲ್ಲಿ ಡೋಲು ಬಾರಿಸುವವ. ಒಡ್ವಿರಾ ಹಬ್ಬದಲ್ಲಿ ಅವನ ಡೋಲು ರಾಜರ ಹೆಸರುಗಳನ್ನು ಹೇಳುತ್ತಿತ್ತು. ಇಲ್ಲಿ ಡೋಲು ಬರೀ ಸದ್ದಲ್ಲ, ಮಾತಾಡುತ್ತದೆ. ಸೇಲಂನ ಮಕ್ಕಳು ಹಬ್ಬಕ್ಕೆ ಹೋಗುವಂತಿರಲಿಲ್ಲ. ಹೋದರೆ ಹಿರಿಯರ ಮುಂದೆ ವಿಚಾರಣೆ. ಹಬ್ಬದ ದಿನ ಅಜ್ಜಿಯ ಅಮ್ಮ ಕಿಟಕಿ ಮುಚ್ಚುತ್ತಿದ್ದಳಂತೆ. ಅಜ್ಜಿ ಒಳಗೆ ಮೆಕ್ಕೆಜೋಳ ರುಬ್ಬುತ್ತಾ, ಮುಚ್ಚಿದ ಕಿಟಕಿಯಾಚೆ ಅಣ್ಣ ಏನು ಹೇಳುತ್ತಿದ್ದಾನೆ ಎಂದು ಪಿಸುದನಿಯಲ್ಲಿ ಹೇಳುತ್ತಿದ್ದಳಂತೆ, ಒಂದೊಂದೇ ಹೆಸರು. ಮೇಷ್ಟ್ರು ಇದನ್ನು ನಗುನಗುತ್ತಲೇ ಹೇಳಿದರು. ನಾನು ನಗಲಿಲ್ಲ. ಭೂತದ ಕೋಲದ ರಾತ್ರಿ ನಿಮ್ಮ ಮನೆ ದೀಪ ಬೇಗ ಆರುತ್ತಿದ್ದದ್ದು, ನೀನು ಗೋಡೆ ಹಾರಿ ನಮ್ಮ ಜೊತೆ ಬಂದದ್ದು ನೆನಪಾಯಿತು. ಅವತ್ತು ನಿನಗೆ ಬಿದ್ದ ಪೆಟ್ಟಿನ ಬಗ್ಗೆ ನಾನು ಯಾವತ್ತೂ ಕೇಳಿಲ್ಲ.

"ನಿಮಗೆ ಅವರ ಮೇಲೆ ಸಿಟ್ಟಿಲ್ಲವಾ?" ಎಂದು ಮೇಷ್ಟ್ರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಗಾದೆ ಪುಸ್ತಕ ಇಲ್ಲದಿದ್ದರೆ ಅಜ್ಜಿಯ ಅರ್ಧ ಮಾತು ನನಗೆ ತಿಳಿಯುತ್ತಿರಲಿಲ್ಲ. ಸೇಲಂ ಇಲ್ಲದಿದ್ದರೆ ಪುಸ್ತಕವೇ ಬೇಕಾಗುತ್ತಿರಲಿಲ್ಲ, ಅಜ್ಜಿಯ ಅಣ್ಣನೇ ಹೇಳಿಕೊಡುತ್ತಿದ್ದ" ಎಂದರು. ನಮ್ಮ ಜಗಲಿ ಜಗಳದಲ್ಲಿ ಇಬ್ಬರಲ್ಲಿ ಒಬ್ಬನಿಗೂ ಈ ಮಾತು ಹೊಳೆದಿರಲಿಲ್ಲ ನೋಡು. ನಾನು ಹೇಳಿದ್ದು ಅರ್ಧ, ನೀನು ಹೇಳಿದ್ದೂ ಅರ್ಧ. ಆದರೆ ಎರಡನ್ನೂ ಸೇರಿಸಿ ಪೂರ್ತಿ ಮಾಡಿಬಿಡಲಿಕ್ಕೂ ನನಗೆ ಮನಸ್ಸಿಲ್ಲ.

ಬರುವಾಗ ಮಾಂಪಾಂಗ್‌ನಲ್ಲಿ ನಿಲ್ಲಿಸಿದೆವು. ಟೆಟ್ಟೆ ಕ್ವಾರ್ಶಿ ಎಂಬಾತ 1879ರಲ್ಲಿ ಕೋಕೋ ನೆಟ್ಟ ತೋಟ ಅಲ್ಲಿ ಉಂಟು. ಮಿಷನರಿಗಳು ಮೊದಲೇ ಕೋಕೋ ಬೆಳೆಸಲು ನೋಡಿ ಸೋತಿದ್ದರು. ಈತ ಅವರದೇ ವರ್ಕ್‌ಶಾಪಿನಲ್ಲಿ ಕಮ್ಮಾರಿಕೆ ಕಲಿತವ. ಫರ್ನಾಂಡೊ ಪೊ ದ್ವೀಪದಿಂದ ಬೀಜ ತಂದು ಬೆಳೆಸಿದ. 1911ರ ಹೊತ್ತಿಗೆ ಕೋಕೋ ರಫ್ತಿನಲ್ಲಿ ಈ ದೇಶವೇ ಜಗತ್ತಿಗೆ ಮೊದಲು. ಹಲಸಿನ ಹಾಗೆ ಕಾಂಡಕ್ಕೇ ಅಂಟಿಕೊಂಡ ಕಾಯಿ ನೋಡಿ ಪುತ್ತೂರಿನ ನಿನ್ನ ಮಾವನ ಅಡಿಕೆ ತೋಟ ನೆನಪಾಯಿತು.

ಈಗ ಒಂದು ಕೆಲಸ ನಿನಗೆ. ಮೇಷ್ಟ್ರು ಬೀಳ್ಕೊಡುವಾಗ, ಮಗುವಿಗೆ ದೇವರನ್ನು ತೋರಿಸುವ ಗಾದೆಯಂಥದ್ದು ನಿಮ್ಮಲ್ಲಿ ಉಂಟಾ ಎಂದು ಕೇಳಿದರು. ನನಗೆ ತಟ್ಟನೆ ಹೊಳೆಯಲಿಲ್ಲ, ಮರ್ಯಾದೆ ಹೋಯಿತು. ಕಿಟೆಲ್ ಕೂಡ ನಿಘಂಟಿನ ತುಂಬಾ ಗಾದೆ ತುಂಬಿದ್ದಾರಲ್ವಾ? ಅಜ್ಜನ ಪ್ರತಿ ತೆಗೆದು "ದೇವರು", "ಮಗು", "ಕೂಸು" ಇರುವ ಪುಟಗಳ ಫೋಟೋ ಕಳಿಸು. ಬೆನ್ನು ಹರಿದಿದೆ, ಮೆಲ್ಲಗೆ ಬಿಡಿಸು. ಸಿಗದಿದ್ದರೆ ನಿನ್ನ ಅಮ್ಮನನ್ನು ಕೇಳು.

ನಿನ್ನ,
ಗುರುವಾರದ ಯಾವ್