ಮಳೆಗಾಲದ ಮುಂಚೆ ಟೈರ್ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಆಗುಂಬೆ, ಹುಲಿಕಲ್ ಘಾಟಿ ಕಡೆ ಕಾರು ಓಡಿಸುವವರು ಈ ಭಾನುವಾರ ಬೆಳಿಗ್ಗೆ, ಗಾಡಿ ತೆಗೆಯುವ ಮೊದಲೇ, ನಾಲ್ಕೂ ಟೈರ್ ನೋಡಿಬಿಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರಗಳ ಒಳ ಅಂಚೂ ಕಾಣುತ್ತದೆ.

ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಮಾತ್ರ ಸವೆದಿದ್ದರೆ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಸಾಮಾನ್ಯವಾಗಿ ಚಕ್ರಗಳು ನಿಲ್ಲುವ ಕೋನ, ಅಂದರೆ ಅಲೈನ್‌ಮೆಂಟ್ ತಪ್ಪಿರುತ್ತದೆ. ಆದರೆ ಅದನ್ನು ಸರಿಮಾಡಿಸುವ ಮೊದಲು ಚಕ್ರವನ್ನು ಹಿಡಿದಿಡುವ ಕೀಲುಗಳಾದ ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಮತ್ತು ರಬ್ಬರ್ ಬುಷ್ ಪರೀಕ್ಷಿಸಿ. ಅವು ಸಡಿಲವಿದ್ದರೆ ಅಲೈನ್‌ಮೆಂಟ್ ನಿಲ್ಲುವುದಿಲ್ಲ, ಕೊಟ್ಟ ದುಡ್ಡು ದಂಡ. ಟೈರ್ ಮೇಲೆ ಕೈಯಾಡಿಸಿದಾಗ ಅಲ್ಲಲ್ಲಿ ತಗ್ಗು ಸಿಕ್ಕರೆ ಶಾಕ್ ಅಬ್ಸಾರ್ಬರ್, ಚಕ್ರದ ಬ್ಯಾಲೆನ್ಸಿಂಗ್ (ತೂಕದ ಸಮತೋಲ) ಎರಡನ್ನೂ ನೋಡಿಸಿ.

ಟೈರ್ ಮೇಲಿನ ಗ್ರೂವ್ (ಗಾಡಿ) ಆಳ 1.6 ಮಿ.ಮೀ.ಗೆ ಇಳಿದರೆ ಟೈರ್ ಬದಲಿಸಲೇಬೇಕು. ನಮ್ಮ ಮಳೆಗೆ 3 ಮಿ.ಮೀ. ಇರುವಾಗಲೇ ಬದಲಿಸುವುದು ಕ್ಷೇಮ.

ಯಾವ ಚಕ್ರ, ಯಾವ ಅಂಚು ಎಂದು ಬರೆದು, ಫೋಟೊ ಸಮೇತ ಭಾನುವಾರ ಸಂಜೆಯೊಳಗೆ ಇಲ್ಲಿ ಹಾಕಿ.